ಸಿಸ್ಟರ್ ಹೆಸರಿನಲ್ಲೊಂದು ಫೈಲು

ಅವರ ಬಲಗಾಲಿನ ಕಣಕಾಲ ಹತ್ತಿರ ಯಾವಾಗಲೂ ಬಟ್ಟೆ ಒಣಹಾಕುವ ಕ್ಲಿಪ್ಪೊಂದು ಕಚ್ಚಿಕೊಂಡಿರುತ್ತಿತ್ತು. ನೀಲಿ ಪ್ಲಾಸ್ಟಿಕ್ಕಿನದು. ಸಲ್ವಾರಿನ ಅಂಚು ಸೈಕಲ್ಲಿನ ಚೈನಿಗೆ ಸಿಕ್ಕಬಾರದೆಂದು ಹಾಕಿದ್ದನ್ನು ತೆಗೆಯಲು ಮರೆತು ಲಿಫ್ಟಿನಲ್ಲಿ, ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಹಾಗೆಯೇ ನಿಂತಿರುತ್ತಿದ್ದರು. ಒಮ್ಮೆ ಚರ್ಚಿನಲ್ಲಿ ಕ್ಲಿಪ್ಪಿನ ಸಮೇತ ಪರಮಪ್ರಸಾದ ಸ್ವೀಕರಿಸಿ ಬಂದಿದ್ದರು. ಯಾರಾದರೂ ತೋರಿಸಿದರೆ ಬಗ್ಗಿ ತೆಗೆದು ದುಪಟ್ಟಾದ ತುದಿಗೆ ಸಿಕ್ಕಿಸಿಕೊಳ್ಳುವರು. ಅಲ್ಲಿಂದ ತೆಗೆಯಲು ಮತ್ತೆ ಮರೆಯುವರು.

ಅಬುಧಾಬಿಯ ನಮ್ಮವರ ನಡುವೆ ಅವರ ಬಗ್ಗೆ ಒಂದು ಕಥೆ ಉಳಿದುಕೊಂಡಿದೆ. ಸೈಕಲ್ ಹೊಡೆದು ಹೊಡೆದು ಹಾರ್ಟ್ ಕೆಡಿಸಿಕೊಂಡ ನರ್ಸ್ ಎಂದು. ಇದು ಸುಳ್ಳು. ಪತ್ರಿಕೆಯಲ್ಲಿ ತಪ್ಪು ಸುದ್ದಿ ಬಂದರೆ ಮರುದಿನ ತಿದ್ದುಪಡಿ ಹಾಕುವುದು ನಾನು ಕಲಿತ ಕೆಲಸ. ಈ ತಿದ್ದುಪಡಿ ತಡವಾಗಿದೆ, ಆದರೂ ಹಾಕುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಮ್ದಾನ್ ಸ್ಟ್ರೀಟಿನ ಹಿಂದಿನ ಹಳೆಯ ಕಟ್ಟಡವೊಂದರ ಐದನೇ ಮಹಡಿಯ ಫ್ಲ್ಯಾಟನ್ನು ಅವರ ಕುಟುಂಬ ಮತ್ತು ನಮ್ಮ ಕುಟುಂಬ ಹಂಚಿಕೊಂಡಿದ್ದೆವು. ನಾನು ಅಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ವರದಿಗಾರ, ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್. ಅವರು ಖಾಸಗಿ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ನರ್ಸ್. ಉಡುಪಿಯ ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಆಸ್ಪತ್ರೆಯಲ್ಲಿ, ಕಟ್ಟಡದಲ್ಲಿ, ಕೊನೆಗೆ ನಮ್ಮ ಬಾಯಲ್ಲೂ ಅವರು ಸಿಸ್ಟರ್. ಅವರ ಯಜಮಾನರು ದೂರದ ಮದೀನತ್ ಜಾಯೆದ್‌ನಲ್ಲಿ ತೈಲ ಕಂಪನಿಯೊಂದರ ಸ್ಟೋರ್‌ಕೀಪರ್. ಗುರುವಾರ ಸಂಜೆ ಬಂದು ಶುಕ್ರವಾರ ಸಂಜೆ ಹಿಂತಿರುಗುವರು. ಅಡುಗೆಮನೆ ಇಬ್ಬರಿಗೂ ಒಂದೇ. ಫ್ರಿಜ್ಜಿನ ಮೇಲಿನ ಅರ್ಧ ನಮ್ಮದು, ಕೆಳಗಿನ ಅರ್ಧ ಅವರದು. ಮೀನು ಹುರಿಯುವ ದಿನ ಕಿಟಕಿ ತೆರೆದಿರಬೇಕು ಎಂಬುದೊಂದೇ ಒಪ್ಪಂದ. ಅದನ್ನೂ ನನ್ನ ಹೆಂಡತಿ ಕೇಳಿರಲಿಲ್ಲ, ಸಿಸ್ಟರ್ ತಾವಾಗಿ ಮಾಡಿಕೊಂಡಿದ್ದರು.

ಊರಿಗೆ ಹೊರಟ ಬ್ರಿಟಿಷ್ ಎಂಜಿನಿಯರನೊಬ್ಬ ಮಾರಿದ ಸೈಕಲ್ ಅವರದು. ತೆಳು ಚಕ್ರ, ಬಾಗಿದ ಹ್ಯಾಂಡಲ್, ಹಸಿರು ಬಣ್ಣ. ಅದನ್ನು ಲಿಫ್ಟಿನಲ್ಲಿ ತರಬಾರದೆಂದು ಕಟ್ಟಡದ ಕಾವಲುಗಾರ, ಅಲ್ಲಿಯವರ ಮಾತಿನಲ್ಲಿ ನಾತೂರ್, ಮೊದಲು ತಕರಾರು ಮಾಡಿದ್ದ. ಸಿಸ್ಟರ್ ಅವನ ಕೈಹಿಡಿದು ಕೂರಿಸಿ ಬಿಪಿ ನೋಡಿದರು, ಉಪ್ಪಿನಕಾಯಿ ಬಿಡು ಎಂದರು. ಮುಂದಿನ ವಾರದಿಂದ ಸೈಕಲ್ಲಿಗೆ ಲಿಫ್ಟಿನ ಬಾಗಿಲನ್ನು ಅವನೇ ಹಿಡಿದು ನಿಲ್ಲುತ್ತಿದ್ದ.

ನಮ್ಮವರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನಲವತ್ತೈದು ದಾಟಿದ ಹೆಂಗಸು, ಅದೂ ನರ್ಸು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಕಾರ್ನಿಷಿನ ಕಡಲಂಚಿನಲ್ಲಿ ಸೈಕಲ್ ಹೊಡೆಯುವುದು ಅವರಿಗೆ ವಾರವಿಡೀ ಸಾಲುವ ತಮಾಷೆ. ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಹಿರಿಯರೊಬ್ಬರು ನಾಲ್ಕು ಜನರಿಗೆ ಕೇಳುವಂತೆ, "ಸಿಸ್ಟರ್, ಕಾರ್ ಲೈಸೆನ್ಸ್ ಎಷ್ಟು ಸಲ ಫೇಲಾಯ್ತು?" ಎಂದರು.

"ಲೈಸೆನ್ಸ್ ಉಂಟು ಮಾರಾಯ್ರೆ. ನಿಮ್ಮ ಹೊಟ್ಟೆ ನೋಡಿದ ಮೇಲೆ ಕಾರು ಬೇಡ ಅಂತ ಮಾಡಿದೆ" ಎಂದರು ಸಿಸ್ಟರ್.

ಶುಕ್ರವಾರ ಬೆಳಿಗ್ಗೆ, ಚರ್ಚಿಗೆ ಹೋಗುವ ಮುಂಚೆ, ಅವರ ದೊಡ್ಡ ಸವಾರಿ. ಕಾರ್ನಿಷಿನ ಉದ್ದಕ್ಕೂ ಪಶ್ಚಿಮಕ್ಕೆ, ಕಡಲೊಳಗೆ ಚಾಚಿದ ಕಲ್ಲಿನ ಒಡ್ಡಾದ ಬ್ರೇಕ್‌ವಾಟರಿನ ತುದಿಯವರೆಗೆ. ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ. ಎದುರುಗಾಳಿಯಲ್ಲಿ ಒಮ್ಮೆಯೂ ಕಾಲು ಕೆಳಗಿಡದೆ ತುದಿ ಮುಟ್ಟುವುದು ಅವರು ತಮಗೆ ತಾವೇ ಹಾಕಿಕೊಂಡಿದ್ದ ಪಂದ್ಯ. ಮುಟ್ಟಿ ಬಂದ ದಿನ ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಾ ಹಾಡುವರು. ಸ್ವರ ಚೆನ್ನಾಗಿರಲಿಲ್ಲ. "ವಾರ್ಡಿನಲ್ಲಿ ಎಲ್ಲರೂ ನನ್ನನ್ನು ಕರೆಯುದು. ಅಲ್ಲಿ ಗಾಳಿ ಮಾತ್ರ. ಅದು ಬೇಡ ಅಂತ ದೂಡ್ತದೆ, ನಾನು ಹೋಗ್ತೇನೆ" ಎಂದು ಒಮ್ಮೆ ಹೇಳಿದ್ದರು.

ಒಂದು ಚಳಿಗಾಲ ಹಾಡು ನಿಂತಿತು.

ಅರ್ಧ ದಾರಿಯಲ್ಲಿ ದವಡೆ ನೋಯುತ್ತದೆ ಎಂದರು. ಎಡಗಡೆ, ಕೆಳಗೆ. ಇಳಿದು ಕಡಲಂಚಿನ ಕಟ್ಟೆಯ ಮೇಲೆ ಕೂತರೆ ಹೋಗುತ್ತದೆ, ಹತ್ತಿದರೆ ಮತ್ತೆ ಬರುತ್ತದೆ. ಮೊದಲು ಅವರಿಗೂ ಹೃದಯದ ಯೋಚನೆ ಬರಲಿಲ್ಲ. ದವಡೆ ಎಂದರೆ ಹಲ್ಲು. ತಮ್ಮ ಆಸ್ಪತ್ರೆಯ ದಂತವೈದ್ಯರ ಬಳಿ ಹೋದರು. ಅವರು ಬುದ್ಧಿಹಲ್ಲೊಂದನ್ನು ಕಿತ್ತು ಕೈಗೆ ಕೊಟ್ಟರು. ಸಿಸ್ಟರ್ ಅದನ್ನು ನನ್ನ ಹೆಂಡತಿಗೆ ತೋರಿಸಿ, "ನೋಡಿ ಟೀಚರ್, ಎಷ್ಟು ಚಂದದ ಹಲ್ಲು. ಒಂದು ತೂತಿಲ್ಲ. ಇದನ್ನು ಕಳಕೊಂಡೆ, ನೋವು ಅಲ್ಲೇ ಉಂಟು" ಎಂದರು. ಆಗ ಅವರಿಗೆ ಸಂಶಯ ಬಂತು. ನೋವು ಹಲ್ಲಿನದಾದರೆ ಗಾಳಿಗೆ ಎದುರಾಗಿ ತುಳಿಯುವಾಗ ಮಾತ್ರ ಏಕೆ ಬರಬೇಕು?

ಇಲ್ಲಿ ಆಸ್ಪತ್ರೆಯ ಒಂದು ರೂಢಿಯ ಬಗ್ಗೆ ಹೇಳಬೇಕು. ಅಲ್ಲಿ ಕೆಲಸ ಮಾಡುವವರು ತಮ್ಮ ಕಾಯಿಲೆಗೆ ಚೀಟಿ ಮಾಡಿಸಿ ಸಾಲಿನಲ್ಲಿ ಕೂರುತ್ತಿರಲಿಲ್ಲ. ವೈದ್ಯರು ಕಾರಿಡಾರಿನಲ್ಲಿ ನಡೆದುಹೋಗುವಾಗ "ಡಾಕ್ಟ್ರೇ, ಒಂದು ನಿಮಿಷ" ಎಂದು ನಿಲ್ಲಿಸಿ ಕೇಳುವುದು, ಅವರು ಜೇಬಿನಲ್ಲಿ ಕೈ ಇಟ್ಟುಕೊಂಡೇ ಒಂದು ಮಾತ್ರೆಯ ಹೆಸರು ಹೇಳುವುದು. ಇದು ಸಲುಗೆ ಎಂದು ಎಲ್ಲರೂ ತಿಳಿದಿದ್ದರು. ಸಲುಗೆ ಅಲ್ಲ, ಭಯ. ಹೆಸರಿನಲ್ಲೊಂದು ಫೈಲು ತೆರೆದರೆ ಕಾಯಿಲೆ ಮ್ಯಾನೇಜ್‌ಮೆಂಟಿಗೆ ತಿಳಿಯುತ್ತದೆ, ಕಾಂಟ್ರಾಕ್ಟು ನವೀಕರಿಸುವಾಗ ಅದು ಮೇಜಿನ ಮೇಲೆ ಬರುತ್ತದೆ, ಕಾಂಟ್ರಾಕ್ಟು ಹೋದರೆ ವೀಸಾ ಹೋಗುತ್ತದೆ. ಇಡೀ ದಿನ ಬೇರೆಯವರ ಫೈಲು ಬರೆಯುವವರಿಗೆ ತಮ್ಮದೊಂದು ಫೈಲಿಲ್ಲ. ಫೈಲಿಲ್ಲವಾದ್ದರಿಂದ ಪರೀಕ್ಷೆಯೂ ಇಲ್ಲ, ತಪ್ಪು ಹೇಳಿದವರಿಗೆ ಹೊಣೆಯೂ ಇಲ್ಲ.

ಸಿಸ್ಟರ್ ಹಾಗೆಯೇ ಮಾಡಿದರು. ಹೃದ್ರೋಗದ ಡಾಕ್ಟರು ಬೆಂಗಳೂರಿನವರು. ಕಾರಿಡಾರಿನಲ್ಲಿ ಆ ಮಾತುಕತೆ ನಡೆದ ದಿನವೇ ಸಿಸ್ಟರ್ ಅದನ್ನು ನಮಗೆ ನಟಿಸಿ ತೋರಿಸಿದರು. ಡಾಕ್ಟರ ದನಿಯನ್ನೂ ಹಿಡಿದಿದ್ದರು.

"ಏನ್ ಸಿಸ್ಟರ್, ನಿಮಗೆ ಹಾರ್ಟಾ? ನೋಡಿದ್ರೆ ಕಡ್ಡಿ ಥರ ಇದೀರಿ. ಶುಗರ್ ಇಲ್ಲ, ಸಿಗರೇಟ್ ಇಲ್ಲ. ಇದೆಲ್ಲ ಏಜು. ಈ ಟೈಮಲ್ಲಿ ಹೆಂಗಸರಿಗೆ ಎಲ್ಲೆಲ್ಲೋ ನೋಯತ್ತೆ. ಗ್ಯಾಸ್‌ಗೆ ಒಂದು ಮಾತ್ರೆ ತಗೊಳ್ಳಿ. ಸೈಕಲ್ ತುಳಿದ್ರೆ ನೋಯತ್ತಾ? ಸೈಕಲ್ ಬಿಟ್ಬಿಡಿ."

"ಸೈಕಲ್ ಬಿಟ್ರೆ ನೋವು ಬರುದಿಲ್ಲ ಡಾಕ್ಟ್ರೇ. ಆದ್ರೆ ಒಳಗೆ ಎಂತ ಆಗಿದೆಯೋ ಅದು ಹೋಗ್ತದಾ?" ಎಂದು ಇವರು ಕೇಳಿದರು. ಅಷ್ಟರಲ್ಲಿ ಡಾಕ್ಟರು ಲಿಫ್ಟಿನೊಳಗಿದ್ದರು.

ಎರಡನೆಯ ಸಲ ಕೇಳಿದಾಗ ಟೆನ್ಷನ್ ಎಂದರು, ಗಂಡ ದೂರ ಇದ್ದಾರಲ್ಲ ಎಂದರು. ಮೂರನೆಯ ಸಲ ನಕ್ಕರು. ಅದೇ ಆಸ್ಪತ್ರೆಗೆ ಅದೇ ತಿಂಗಳು ಎದೆ ಹಿಡಿದುಕೊಂಡು ಬಂದ ಗಂಡಸರನ್ನೆಲ್ಲ ಸ್ಟ್ರೆಚರಿನ ಮೇಲೆ ಓಡಿಸಿಕೊಂಡು ಹೋಗಿದ್ದರು. ಅವರಲ್ಲಿ ಕೆಲವರಿಗೆ ನಿಜವಾಗಿ ಗ್ಯಾಸು. ಗ್ಯಾಸಿಗೆ ಸ್ಟ್ರೆಚರು, ಹೃದಯಕ್ಕೆ ಜೆಲುಸಿಲ್ಲು ಎಂದು ನನ್ನ ಹೆಂಡತಿ ಸಿಟ್ಟಿನಿಂದ ಹೇಳಿದಳು.

ಇಸಿಜಿ ತೆಗೆಯುವ ಕೇರಳದ ಹುಡುಗಿಯೊಬ್ಬಳು ಸಿಸ್ಟರ ಸ್ನೇಹಿತೆ. ಡ್ಯೂಟಿ ಮುಗಿದ ಮೇಲೆ ಸುಮ್ಮನೆ ಒಂದು ತೆಗೆದು ನೋಡಿದಳು. ಸರಿಯಾಗಿತ್ತು. ಸರಿಯಾಗಿಯೇ ಇರುತ್ತದೆ, ಆಗ ನೋವಿರಲಿಲ್ಲ. ಸಿಸ್ಟರ ನೋವು ಮಲಗಿದವರಿಗೆ ಬರುವ ನೋವಲ್ಲ, ಏರುವವರಿಗೆ ಬರುವ ನೋವು. ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ ಪರೀಕ್ಷಿಸಬೇಕು. ಅದಕ್ಕೆ ಡಾಕ್ಟರು ಬರೆದುಕೊಡಬೇಕು. ಬರೆದುಕೊಡಲು ಡಾಕ್ಟರು ನಂಬಬೇಕು.

ಯಜಮಾನರು ಶುಕ್ರವಾರ ಊಟಕ್ಕೆ ಕೂತು, "ಡಾಕ್ಟ್ರೇ ಹೇಳಿದ ಮೇಲೆ ಎಂತ? ಸೈಕಲ್ ಮಾರಿ ಬಿಡುವ" ಎಂದರು. ಒಳ್ಳೆಯ ಮನುಷ್ಯ. ಹೆಂಡತಿಯ ಮೇಲೆ ಪ್ರಾಣ. ಆದರೆ ಅವರೂ ನಂಬಿದ್ದು ಡಾಕ್ಟರ ಮಾತನ್ನು. ಸಿಸ್ಟರ್ ಮೀನಿನ ಮುಳ್ಳು ಬಿಡಿಸುತ್ತಾ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಪೇಪರಿನವ್ರೇ, ಬರುವ ಶುಕ್ರವಾರ ನಿಮಗೆ ಕೆಲಸ ಉಂಟಾ?" ಎಂದರು.

ಏಕೆ ಎಂಬುದನ್ನು ಸಿಸ್ಟರ್ ಆ ಸಂಜೆ ಯಜಮಾನರು ಕೆಲಸದ ಊರಿಗೆ ಹೊರಟುಹೋದ ಮೇಲೆ ಹೇಳಿದರು. ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗಿನಿಂದ ಮೇಲೆ ಬರಲು ಕಡಿದಾದ ಇಳಿಜಾರು ರಸ್ತೆಯೊಂದಿದೆ. ಅದರ ಮೇಲ್ತುದಿಯಲ್ಲೇ ತುರ್ತು ವಿಭಾಗದ ಬಾಗಿಲು. ಶುಕ್ರವಾರ ಬೆಳಿಗ್ಗೆ ಕಾರುಗಳಿಲ್ಲ. ಕೇರಳದ ಹುಡುಗಿ ಒಳಗೆ ಯಂತ್ರ ಸಿದ್ಧವಾಗಿಟ್ಟುಕೊಂಡಿರುತ್ತಾಳೆ. ನೋವು ಬರುವವರೆಗೆ ಆ ಏರಿನಲ್ಲಿ ಸೈಕಲ್ ಹೊಡೆಯುವುದು, ಬಂದ ಕೂಡಲೇ ಒಳಗೆ ಹೋಗಿ ಮಲಗುವುದು.

ಇದು ಹುಚ್ಚುತನ, ಜೀವ ಹೋಗಬಹುದು ಎಂದೆ. ನಾನೇನೂ ಹೊಸದಾಗಿ ಹೇಳುತ್ತಿರಲಿಲ್ಲ.

"ಗೊತ್ತುಂಟು. ಹೋಗುದಾದ್ರೆ ತುರ್ತು ವಿಭಾಗದ ಬಾಗಿಲಲ್ಲೇ ಹೋಗ್ತದೆ, ಬ್ರೇಕ್‌ವಾಟರಿನಲ್ಲಿ ಒಬ್ಬಳೇ ಅಲ್ಲ. ಇವ್ರನ್ನು ಕರೆದ್ರೆ ಅಳ್ತಾರೆ. ನೀವು ಕಂಡದ್ದನ್ನು ಕಂಡ ಹಾಗೆ ಹೇಳುವವರು. ಸಾಕ್ಷಿಗೆ ಬನ್ನಿ."

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಆ ಬೆಳಿಗ್ಗೆ ಸಿಸ್ಟರ್ ಹಸಿರು ಸೈಕಲ್ ಮೇಲೆ ಇಳಿಜಾರಿನ ಕೆಳಗೆ ಹೋದರು, ತಿರುಗಿ ಮೇಲೆ ಬಂದರು, ಮತ್ತೆ ಇಳಿದರು. ಗೇಟಿನ ಪಠಾಣ್ ಕಾವಲುಗಾರ ಓಡಿಬಂದು, "ಸಿಸ್ಟರ್, ಕ್ಯಾ ಹುವಾ? ಕುಛ್ ಗಿರ್ ಗಯಾ?" ಎಂದ. ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾರೆ ಎಂದೇ ಅವನು ತಿಳಿದಿದ್ದ. ಅವರು ಏದುಸಿರಿನಲ್ಲೇ, ಅಲ್ಲಿನ ಅರಬ್ಬಿಯಲ್ಲಿ "ಮಾಫಿ, ಮಾಫಿ", ಏನಿಲ್ಲ ಎಂದು ಕೈಯಾಡಿಸಿ ಮತ್ತೆ ಕೆಳಗಿಳಿದರು. ಇನ್ನೊಮ್ಮೆ ಏರಿ ಬರುವಾಗ ಅವರ ಎಡಗೈ ಹ್ಯಾಂಡಲ್ ಬಿಟ್ಟು ದವಡೆಗೆ ಹೋಯಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೇಲ್ತುದಿ ಮುಟ್ಟಿ ಇಳಿದು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, "ಬಂತು" ಎಂದರು. ಹೆಲ್ಮೆಟ್ ತೆಗೆಯದೆ ಒಳಗೆ ನಡೆದರು.

ನಾನು ಸೈಕಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಗಾಜಿನ ಆಚೆ ಹುಡುಗಿ ಕೈಯಲ್ಲಿ ಕಾಗದದ ಪಟ್ಟಿ ಹಿಡಿದು ಓಡಿದ್ದು ಕಂಡಿತು. ಡ್ಯೂಟಿಯಲ್ಲಿದ್ದ ಯುವ ಡಾಕ್ಟರು ಬಂದರು, ಪಟ್ಟಿ ನೋಡಿದರು. ಎದ್ದು ಕೂರಲು ಹೊರಟ ಸಿಸ್ಟರನ್ನು ಭುಜ ಹಿಡಿದು ಮಲಗಿಸಿದರು. ಆಗ ಸಿಸ್ಟರ್ ಹೇಳಿದ ಮಾತು ತೆರೆದ ಬಾಗಿಲಿನಿಂದ ನನಗೆ ಕೇಳಿಸಿತು.

"ಈಗ ನನ್ನ ಹೆಸರಿನಲ್ಲಿ ಒಂದು ಫೈಲ್ ಓಪನ್ ಮಾಡಿ ಡಾಕ್ಟ್ರೇ."

ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಆಂಜಿಯೋಗ್ರಾಮ್ ಮಾಡಿದಾಗ ಹೃದಯದ ಮುಖ್ಯ ರಕ್ತನಾಳ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಬೈಪಾಸ್ ಆಯಿತು. ಅಲ್ಲಿನ ಸರ್ಜನ್ ಒಬ್ಬರೇ, ಇದು ಹೇಗೆ ಗೊತ್ತಾಯಿತು ಎಂದು ಅವರನ್ನೇ ಕೇಳಿ, ಪೂರ್ತಿ ಕೇಳಿಸಿಕೊಂಡವರು. ಎದೆಯ ಮೂಳೆ ಕೂಡಿಕೊಂಡ ಮೇಲೆ ಮೆಲ್ಲಗೆ ಸೈಕಲ್ ಶುರುಮಾಡಬಹುದು, ಮಾಡಬೇಕು ಎಂದೂ ಅವರೇ ಹೇಳಿದರು. ಈ ಎರಡನೆಯ ಮಾತನ್ನು ನಮ್ಮವರು ಯಾರೂ ಕೇಳಿಸಿಕೊಳ್ಳಲು ತಯಾರಿರಲಿಲ್ಲ.

ಹೃದ್ರೋಗದ ಡಾಕ್ಟರು ಕ್ಷಮೆ ಕೇಳಿದರೇ? ಇಲ್ಲ. ನೋಡಲು ಬಂದು ಗದರಿದರು. "ಏನ್ ಸಿಸ್ಟರ್ ಇದು ಹುಚ್ಚಾಟ! ನಮ್ಮ ಕಾಂಪೌಂಡಲ್ಲಿ ಸತ್ತೋಗಿದ್ರೆ ಯಾರು ಉತ್ತರ ಕೊಡಬೇಕಿತ್ತು?"

"ಕಾಂಪೌಂಡಿನ ಹೊರಗೆ ಸತ್ರೆ ಅಡ್ಡಿ ಇಲ್ಲ ಅಲ್ವಾ ಡಾಕ್ಟ್ರೇ" ಎಂದರು ಸಿಸ್ಟರ್. ಹೊಲಿಗೆ ಎಳೆಯುತ್ತಿದ್ದುದರಿಂದ ಎದೆಗೆ ದಿಂಬು ಒತ್ತಿಕೊಂಡು ನಕ್ಕರು.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಸೇಬು, ಹಾರ್ಲಿಕ್ಸ್ ತಂದರು. ಬಾಲ್ಕನಿಯಲ್ಲಿದ್ದ ಸೈಕಲ್ಲನ್ನು ಬೆರಳಿನಿಂದ ತೋರಿಸಿ, "ಇದೇ ಅಲ್ವಾ?" ಎಂದರು. ಕೊಲೆಗಾರನನ್ನು ಗುರುತಿಸುವ ದನಿ. ಸೈಕಲ್ ಇಲ್ಲದಿದ್ದರೆ ಕಾಯಿಲೆ ಸದ್ದಿಲ್ಲದೆ ಬೆಳೆದು ಒಂದು ದಿನ ವಾರ್ಡಿನಲ್ಲೇ ಬೀಳಿಸುತ್ತಿತ್ತು ಎಂದು ನಾನು ಪ್ರತಿಯೊಬ್ಬರಿಗೂ ಹೇಳಿದೆ. ಅವರು ತಲೆಯಾಡಿಸಿ, ಏನೇ ಆಗಲಿ ಈ ವಯಸ್ಸಿನಲ್ಲಿ ಬೇಡಿತ್ತು ಎಂದರು. ಯಜಮಾನರು ಸೈಕಲ್ಲಿಗೊಂದು ಸರಪಳಿ ಬಿಗಿದು ಬೀಗ ಹಾಕಿ ಕೀಲಿಯನ್ನು ಮದೀನತ್ ಜಾಯೆದ್‌ಗೆ ತೆಗೆದುಕೊಂಡು ಹೋದರು. ಸರ್ಜನ್ ಒಪ್ಪಿಗೆ ಕೊಟ್ಟ ವಾರ ನಾತೂರ್ ಗರಗಸ ತಂದು ಸರಪಳಿ ಕೊಯ್ದ. "ಸಿಸ್ಟರ್ ನೇ ಬೋಲಾ, ಖಲಾಸ್" ಎಂದು ತುಂಡುಗಳನ್ನು ನನ್ನ ಹೆಂಡತಿಯ ಕೈಗಿಟ್ಟು ಹೋದ.

ಹಿಂದಿನ ವರ್ಷ ಅದೇ ಆಸ್ಪತ್ರೆಯ ಆಡಳಿತ ವಿಭಾಗದ ಹಿರಿಯ ಮ್ಯಾನೇಜರೊಬ್ಬರಿಗೆ ಇದೇ ಬೈಪಾಸ್ ಆಗಿತ್ತು. ಅವರು ಕೆಲಸಕ್ಕೆ ಮರಳಿದ ದಿನ ಕೇಕ್ ಕತ್ತರಿಸಿದರು, ಮೆಟ್ಟಿಲು ಹತ್ತಬಾರದೆಂದು ಕೋಣೆಯನ್ನು ನೆಲಮಹಡಿಗೆ ಬದಲಾಯಿಸಿದರು. ಸಿಸ್ಟರಿಗೆ ಎರಡು ಕಾಗದ ಬಂದವು. ಒಂದು ಎಚ್ಚರಿಕೆ, ಆಸ್ಪತ್ರೆಯ ಉಪಕರಣವನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ. ಇನ್ನೊಂದು, ವಾರ್ಡಿನ ಕೆಲಸಕ್ಕೆ ಅನರ್ಹರಾದ್ದರಿಂದ ಕಾಂಟ್ರಾಕ್ಟ್ ನವೀಕರಿಸುವುದಿಲ್ಲ ಎಂದು. ಹೊರರೋಗಿ ವಿಭಾಗದಲ್ಲಿ ಕೂತು ಮಾಡುವ ಕೆಲಸ ಕೊಡಿ ಎಂದು ಕೇಳಿದರು. ಜಾಗವಿಲ್ಲ ಎಂದರು. ಹದಿನಾರು ವರ್ಷ ಕೆಲಸ ಮಾಡಿದ ಕಟ್ಟಡದಲ್ಲಿ ಒಂದು ಕುರ್ಚಿಗೆ ಜಾಗವಿರಲಿಲ್ಲ. ಫೈಲು ತೆರೆದರೆ ಏನಾಗುತ್ತದೆಂದು ಎಲ್ಲ ನರ್ಸುಗಳೂ ಹೆದರುತ್ತಿದ್ದರೋ ಅದೇ ಆಯಿತು. ಕೇರಳದ ಹುಡುಗಿಯನ್ನು ರಾತ್ರಿ ಪಾಳಿಗೆ ಹಾಕಿದರು.

ನಾನು ವರದಿ ಬರೆದೆ. ಹೆಸರುಗಳಿಲ್ಲದೆ, ವಿಶೇಷಣಗಳಿಲ್ಲದೆ. ಹೆಂಗಸರ ಎದೆನೋವನ್ನು ಹೇಗೆ ತಳ್ಳಿಹಾಕುತ್ತಾರೆ, ಆಸ್ಪತ್ರೆಯ ಕೆಲಸಗಾರರು ಏಕೆ ಚಿಕಿತ್ಸೆ ಪಡೆಯಲು ಅಂಜುತ್ತಾರೆ ಎಂಬುದಿಷ್ಟೇ. ಸಂಪಾದಕರು ಓದಿ ಚೆನ್ನಾಗಿದೆ ಎಂದರು. ಆಸ್ಪತ್ರೆಗಳ ಜಾಹೀರಾತು ಬರುವ ವಾರ ಎಂದೂ ಹೇಳಿದರು. ವರದಿ ಮಹಿಳೆಯರ ಪುಟಕ್ಕೆ ಹೋಯಿತು. ಮೇಜಿನಿಂದ ಮೇಜಿಗೆ ಸಾಗಿ ಅಚ್ಚಾಗುವ ಹೊತ್ತಿಗೆ ಅದರಲ್ಲಿ ಉಳಿದದ್ದು ಹೃದಯಕ್ಕೆ ಹಿತವಾದ ಆಹಾರದ ಬಗ್ಗೆ ನಾನು ಕೊನೆಯಲ್ಲಿ ಸೇರಿಸಿದ್ದ ಎರಡು ಸಾಲು. ಅದಕ್ಕೆ ಇನ್ನಷ್ಟು ಸೇರಿಸಿ, ಜೊತೆಗೆ ಸಲಾಡಿನ ಬಣ್ಣದ ಚಿತ್ರ ಹಾಕಿದ್ದರು. ನಾನು ಸಂಪಾದಕರ ಕೋಣೆಗೆ ಹೋಗಿ ಜೋರಾಗಿಯೇ ಮಾತಾಡಿ ಬಂದೆ. ಸಿಸ್ಟರ್ ಪುಟವನ್ನು ಪೂರ್ತಿ ಓದಿ, "ಬೇಜಾರು ಮಾಡ್ಬೇಡಿ. ಸೌತೆಕಾಯಿ ಒಳ್ಳೇದೇ" ಎಂದರು.

ಯಜಮಾನರ ಸಂಬಳದ ಮೇಲೆ ಹೆಂಡತಿಗೆ ವೀಸಾ ಸಿಗುವಂತಿರಲಿಲ್ಲ. ವೀಸಾ ರದ್ದಾಗುವ ಮುಂಚಿನ ಕೊನೆಯ ಶುಕ್ರವಾರ ಅವರು ಮತ್ತೆ ಬ್ರೇಕ್‌ವಾಟರಿಗೆ ಹೋದರು. ನಾನು ಕಾರಿನಲ್ಲಿ ಹಿಂದೆ ಹೋಗಿದ್ದೆ, ಹೆಂಡತಿಯ ಒತ್ತಾಯಕ್ಕೆ. ಗಾಳಿ ಜೋರಿತ್ತು. ಅವರು ನಿಧಾನವಾಗಿ, ಬಹಳ ನಿಧಾನವಾಗಿ ತುಳಿದರು. ಬೆಳಗಿನ ನಡಿಗೆಯವರೂ ಅವರನ್ನು ಹಿಂದೆ ಹಾಕುತ್ತಿದ್ದರು. ದಾರಿಯಲ್ಲಿ ಎರಡು ಸಲ ಇಳಿದು ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿ ಮತ್ತೆ ಹತ್ತಿದರು. ತುದಿ ಮುಟ್ಟಿದ ಮೇಲೆ ನನ್ನ ಕಾರಿನ ಗಾಜಿಗೆ ತಟ್ಟಿ, "ಕಾಲು ಇಟ್ಟೆ. ಪಂದ್ಯ ಹೋಯ್ತು. ಹೋಗ್ಲಿ, ದವಡೆ ಸುಮ್ಮನೆ ಉಂಟು" ಎಂದರು. ಕೆಲಸ ಕಳೆದುಕೊಂಡವರ ಮುಖ ಅದಾಗಿರಲಿಲ್ಲ. ಸಿಟ್ಟು ಇದ್ದದ್ದು ನನಗೆ, ಇನ್ನೂ ಇದೆ.

ಊರಿಗೆ ಹೋದ ಮೇಲೆ ಉಡುಪಿಯ ಹತ್ತಿರ ನರ್ಸಿಂಗ್ ಶಾಲೆಯೊಂದರಲ್ಲಿ ಪಾಠ ಮಾಡಿದರು. ರಜೆಯಲ್ಲಿ ಹೋದಾಗ ಒಮ್ಮೆ ಅವರ ತರಗತಿಯ ಹೊರಗೆ ಕಾದಿದ್ದೆ. ಒಳಗೆ ಹುಡುಗಿಯರಿಗೆ ಹೇಳುತ್ತಿದ್ದರು: "ಹೆಂಗಸರು ಬಂದ್ರೆ ಎದೆ ನೋವುಂಟಾ ಅಂತ ಮಾತ್ರ ಕೇಳ್ಬೇಡಿ. ಇಲ್ಲ ಅಂತಾರೆ. ಹೋದ ವರ್ಷ ಮಾಡ್ತಾ ಇದ್ದದ್ದು ಎಂತ ಈಗ ಆಗುದಿಲ್ಲ, ಅದನ್ನು ಕೇಳಿ. ಬಾವಿಯಿಂದ ನೀರು ಸೇದುದಾ, ಮೆಟ್ಟಿಲಾ, ಗುಡ್ಡೆಯಾ? ಉತ್ತರ ಬರುವವರೆಗೆ ನಿಲ್ಲಿ. ನಡೀತಾ ನಡೀತಾ ಕೇಳುದಲ್ಲ."

ಕೆಲವು ವರ್ಷಗಳ ನಂತರ ನಾವು ದುಬೈಗೆ ಬಂದೆವು. ನನ್ನ ಹೆಂಡತಿ ಬರ್ ದುಬೈನ ಮನೆಯ ಮೆಟ್ಟಿಲಲ್ಲಿ ಅರ್ಧಕ್ಕೆ ನಿಂತು ಭುಜ ಒತ್ತಿಕೊಂಡ ದಿನ ಅವಳೇ ನನಗೆ ಹೇಳಿದಳು, ಹೋದ ವರ್ಷ ಇದನ್ನು ಒಂದೇ ಉಸಿರಿಗೆ ಹತ್ತುತ್ತಿದ್ದೆ ಎಂದು. ಕ್ಲಿನಿಕ್ಕಿನ ವೈದ್ಯರು ಅವಳನ್ನು ಬಿಟ್ಟು ನನ್ನನ್ನು ನೋಡುತ್ತಾ ಟೆನ್ಷನ್ ಎಂದರು. ನಾವು ಕುರ್ಚಿಯಿಂದ ಏಳಲಿಲ್ಲ. ಟ್ರೆಡ್‌ಮಿಲ್ಲಿಗೆ ಬರೆದುಕೊಡುವವರೆಗೆ ಅವಳು ಏಳಲಿಲ್ಲ. ಅವಳಿಗೆ ಸ್ಟೆಂಟ್ ಹಾಕಿದ್ದಾರೆ. ಈ ಬರಹದ ಮೊದಲ ಪ್ರತಿಯನ್ನು ಓದಿ ಮೀನಿನ ವಿಷಯ ತಿದ್ದಿದವಳು ಅವಳೇ.

ಬೈಪಾಸ್ ಆದ ಮೇಲೆ ಸಿಸ್ಟರ್ ಹನ್ನೊಂದು ವರ್ಷ ಬದುಕಿದರು. ಕೊನೆಯ ತಿಂಗಳವರೆಗೂ ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಯಜಮಾನರು ಫೋನ್ ಮಾಡಿ, ನಿದ್ದೆಯಲ್ಲೇ ಹೋದರು ಎಂದು ಹೇಳಿ ಅತ್ತರು. ಪರಿಚಯದವರಿಗೆಲ್ಲ ನಾನೇ ತಿಳಿಸಿದೆ. ಅಬುಧಾಬಿಯವರಿಗೆ, ದುಬೈಯವರಿಗೆ, ಊರಿಗೆ ಮರಳಿದವರಿಗೆ. ಎಲ್ಲರೂ ಅಯ್ಯೋ ಎಂದರು. ಆಮೇಲೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು.

"ಸೈಕಲ್ ಮೇಲಾ?"

ಅಲ್ಲ, ಮಂಚದ ಮೇಲೆ ಎಂದೆ. ಈ ವಯಸ್ಸಿನಲ್ಲಿ ಮಂಚ ಬೇಡಿತ್ತು ಎಂದು ಯಾರೂ ಹೇಳಲಿಲ್ಲ.